ಬೇಲಿಯ ಕುದುರೆಗೆ ವಿಷ, ಆಫ್ರಿಕಾದ ಕುದುರೆಗೆ ಆರ್ಡರ್!

ಮೊನ್ನೆ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಮೊಮ್ಮಗ ಮೊಬೈಲು ಹಿಡಿದುಕೊಂಡು ಬಂದ. ಏಳನೇ ಕ್ಲಾಸು. ಇಂಗ್ಲಿಷು, ಮರಾಠಿ, ಹಿಂದಿ ಮೂರೂ ಸರಾಗ. ಕನ್ನಡ ನನ್ನ ಜೊತೆ ಮಾತ್ರ, ಅದೂ ಏನಾದರೂ ಬೇಕಾದಾಗ!

"ಅಜ್ಜಾ, ಇದನ್ನ ನೋಡು. ಆಫ್ರಿಕನ್ ಜೈಂಟ್ ಮ್ಯಾಂಟಿಸ್. ಫಾರಿನ್ನಾಗ ಎಲ್ಲಾರೂ ಸಾಕ್ತಾರ. ನನಗೂ ಒಂದು ತರಿಸಿಕೊಡು."

ನೋಡಿದೆ. ಗಾಜಿನ ಡಬ್ಬಿಯೊಳಗೆ ಒಂದು ಹಸಿರು ಹುಳ. ತ್ರಿಕೋನದ ಮುಖ, ಮುಂದಿನ ಎರಡು ಕಾಲು ಮಡಚಿ ಕೈಮುಗಿದು ನಿಂತ ಹಾಗೆ. ಯಾರೋ ಚಿಮಟದಲ್ಲಿ ಜಿರಲೆ ಹಿಡಿದು ಕೊಡುತ್ತಾರೆ, ಅದು ಕಡಲೆಕಾಯಿ ತಿಂದಂತೆ ತಿನ್ನುತ್ತದೆ. ಕೆಳಗೆ ಬೆಲೆ, ಅದರ ಕೆಳಗೆ 'ಮೊಟ್ಟೆಯ ಗೂಡೂ ಸಿಗುತ್ತದೆ, ಕೊರಿಯರ್ ಮಾಡುತ್ತೇವೆ' ಅಂತ ಒಂದು ಸಾಲು. ಆ ಬೆಲೆಗೆ ನಮ್ಮ ಮನೆಯ ಒಂದು ತಿಂಗಳ ಹಾಲಿನ ಬಿಲ್ಲು ಮುಟ್ಟುತ್ತದೆ.

ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ನಗು ಯಾಕೆಂದರೆ ಹೋದ ಅಕ್ಟೋಬರಿನಲ್ಲಿ ಇದರದ್ದೇ ಅಣ್ಣನೋ ತಮ್ಮನೋ ನಮ್ಮ ಟೆರೇಸಿನ ಕರಿಬೇವಿನ ಗಿಡದ ಮೇಲೆ ಹದಿನೈದು ದಿನ ಬಿಡಾರ ಹೂಡಿತ್ತು, ಈ ಹುಡುಗ ತಲೆ ಎತ್ತಿ ನೋಡಿರಲಿಲ್ಲ. ಸಿಟ್ಟು ಯಾಕೆಂದರೆ ಅದನ್ನು ಕೊಂದವರು ನಾವೇ. ರೊಕ್ಕ ಕೊಟ್ಟು ಕೊಲ್ಲಿಸಿದೆವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಿತ್ತಲ ಹುಳ ಪೆಟ್ಟೂ ಅಲ್ಲ!

ಮೊದಲು ಆಫ್ರಿಕಾದ ಈ ಮಹಾಶಯನ ಪರಿಚಯ ಮಾಡಿಕೊಳ್ಳೋಣ. ಬೈಯುವ ಮುಂಚೆ ಯಾರನ್ನು ಬೈಯುತ್ತಿದ್ದೇವೆ ಅಂತ ತಿಳಿದಿರಬೇಕು.

ಇದರ ಕುಲದ ಹೆಸರು ಸ್ಫೋಡ್ರೊಮ್ಯಾಂಟಿಸ್. ಸಾಕುವವರ ನಡುವೆ ಹೆಚ್ಚು ಓಡಾಡುವುದು ಎರಡು ಜಾತಿ, ವಿರಿಡಿಸ್ ಮತ್ತು ಲಿನಿಯೋಲಾ. ವಿರಿಡಿಸ್ ಎಂದರೆ ಲ್ಯಾಟಿನ್ನಿನಲ್ಲಿ ಹಸಿರು, ಆದರೆ ಕಂದು ಬಣ್ಣದ್ದೂ ಹುಲ್ಲು ಒಣಗಿದ ಬಣ್ಣದ್ದೂ ಇರುತ್ತವೆ. ಹೆಣ್ಣು ಹತ್ತು ಸೆಂಟಿಮೀಟರಿನವರೆಗೂ ಬೆಳೆಯುತ್ತದೆ, ಹೊಟ್ಟೆ ದಪ್ಪ, ಹಾರುವುದು ಕಡಿಮೆ. ಗಂಡು ಸಣಕಲು, ರಾತ್ರಿ ದೀಪಕ್ಕೆ ಹಾರಿ ಬರುತ್ತದೆ. ಪಶ್ಚಿಮ ಆಫ್ರಿಕಾದಿಂದ ಹಿಡಿದು ಈಜಿಪ್ಟು, ಅರಬ್ ನಾಡುಗಳ ತನಕ ಇದರ ಸಂಸಾರ. ದಕ್ಷಿಣ ಸ್ಪೇನಿನಲ್ಲೂ ಇದೆ.

ವಿರಿಡಿಸ್‌ಗೆ ಹೆಸರಿಟ್ಟವನು ಫೋರ್ಸ್ಕಾಲ್, ಲಿನಿಯಸ್ಸನ ಶಿಷ್ಯ. ಡೆನ್ಮಾರ್ಕಿನ ರಾಜ ಅರೇಬಿಯಾಕ್ಕೆ ಕಳಿಸಿದ ತಂಡದಲ್ಲಿದ್ದ. 1763ರಲ್ಲಿ ಯೆಮೆನ್ನಿನಲ್ಲಿ ಮಲೇರಿಯಾದಿಂದ ತೀರಿಕೊಂಡ. ಆ ತಂಡದಲ್ಲಿ ಬದುಕಿ ಉಳಿದವನು ನೀಬೂರ್ ಒಬ್ಬನೇ, ಅವನು ಅಲ್ಲಿಂದ ಹಡಗು ಹತ್ತಿ ಬಂದದ್ದು ಎಲ್ಲಿಗೆ ಗೊತ್ತೇ? ನಮ್ಮ ಮುಂಬೈಗೆ! ಊರಿಗೆ ಮರಳಿದ ಮೇಲೆ ಸತ್ತ ಗೆಳೆಯನ ಬರಹಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಈ ಹುಳದ ಹೆಸರಿನ ಹಿಂದೆ ಅಷ್ಟು ದೊಡ್ಡ ಕತೆಯಿದೆ.

ಲಿನಿಯೋಲಾದ್ದು ಬೇರೆ ಕತೆ, ಅದು ಸಿನಿಮಾ ನೋಡಿದ ಹುಳ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪುಟ್ಟ ಕನ್ನಡಕ ಹಾಕಿದರು. ಒಂದು ಗಾಜು ನೀಲಿ, ಒಂದು ಹಸಿರು. ಅಂಟಿಸಿದ್ದು ಜೇನುಮೇಣದಿಂದ. ಮುಂದೆ ಪರದೆಯ ಮೇಲೆ ಹುಳ ಓಡಾಡುವ ಚಿತ್ರ. ಮಾಮೂಲಿ ಚಿತ್ರ ತೋರಿಸಿದರೆ ಸುಮ್ಮನಿತ್ತು. ತ್ರೀಡಿ ತೋರಿಸಿದರೆ ಬೇಟೆ ಎದುರಿಗೇ ಬಂತೆಂದು ಕೈ ಬೀಸಿತು! 2016ರಲ್ಲಿ ಇದು ಪ್ರಕಟವಾಯಿತು, ಆ ಲೇಖನದ ಮೊದಲ ಹೆಸರು ವಿವೇಕ್ ನಿತ್ಯಾನಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿಡತೆಗಳ ಹಾಡಿನ ಮೇಲೆ ಸಂಶೋಧನೆ ಮಾಡಿ ಹೋದವರು. 2018ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಕಂಡುಹಿಡಿಯಿತು. ನಮ್ಮ ಎರಡು ಕಣ್ಣು ಎರಡು ಚಿತ್ರ ಹೋಲಿಸಿ ದೂರ ಅಳೆಯುತ್ತವೆ. ಈ ಹುಳ ಚಿತ್ರದ ತಂಟೆಗೆ ಹೋಗುವುದಿಲ್ಲ, ಎಲ್ಲಿ ಏನು ಅಲುಗಾಡಿತು ಅನ್ನುವುದನ್ನಷ್ಟೇ ಹೋಲಿಸುತ್ತದೆ. ಅಕ್ಕಿಕಾಳಿನಷ್ಟೂ ಇಲ್ಲದ ಮೆದುಳಿಗೆ ಅಷ್ಟು ಸಾಕು, ಕೆಲಸ ನಡೆಯುತ್ತದೆ.

ಹೀಗಾಗಿ ಹುಡುಗನ ಆಸೆ ತಪ್ಪು ಅಂತ ನಾನು ಹೇಳಲಾರೆ. ಬೆರಗಾಗಲೇಬೇಕಾದ ಪ್ರಾಣಿ ಅದು. ನನ್ನ ತಕರಾರು ಬೇರೆ.

ಈಗ ನಮ್ಮ ಟೆರೇಸಿಗೆ ಬನ್ನಿ.

ಹೋದ ಅಕ್ಟೋಬರಿನಲ್ಲಿ ಕರಿಬೇವಿನ ಗಿಡದ ಮೇಲೆ ಇದ್ದದ್ದು ಹೀರೊಡುಲ ಕುಲದ್ದು, ನಮ್ಮ ದೇಶದ ದೊಡ್ಡ ಮ್ಯಾಂಟಿಸ್. ಹೆಣ್ಣು ಎಂಟು ಸೆಂಟಿಮೀಟರಿನ ಆಸುಪಾಸು. ಆಫ್ರಿಕಾದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟರೆ ನನ್ನಂಥವನಿಗೆ ಫರಕು ತಿಳಿಯದು. ಅದೇ ಹಸಿರು, ಅದೇ ತ್ರಿಕೋನ ಮುಖ, ರೆಕ್ಕೆಯ ಮೇಲೆ ಅದೇ ಥರದ ಒಂದು ಬಿಳಿ ಚುಕ್ಕೆ. ತಮಾಷೆ ನೋಡಿ, ಆಫ್ರಿಕಾದ ಲಿನಿಯೋಲಾಕ್ಕೂ ನಮ್ಮ ಹೀರೊಡುಲ ಮೆಂಬ್ರನೇಸಿಯಾಕ್ಕೂ ಹೆಸರಿಟ್ಟವನು ಒಬ್ಬನೇ, ಜರ್ಮನಿಯ ಬುರ್ಮೈಸ್ಟರ್. ಇಟ್ಟದ್ದೂ ಒಂದೇ ವರ್ಷ, 1838. ಒಬ್ಬನೇ ಪುರೋಹಿತ, ಒಂದೇ ಸಾಲಿನ ನಾಮಕರಣ. ಆದರೆ ಒಂದಕ್ಕೆ ಗಾಜಿನ ಮನೆ, ಇನ್ನೊಂದಕ್ಕೆ ಸ್ಪ್ರೇ ಪಂಪು.

ನಮ್ಮ ಗದಗಿನ ಕಡೆ ನಾನು ಸಣ್ಣವನಿದ್ದಾಗ ಇದಕ್ಕೆ ಬೇರೆ ಹೆಸರೇ ಇರಲಿಲ್ಲ, ಹಸಿರಾಗಿ ಇದ್ದದ್ದೆಲ್ಲಾ 'ಮಿಡತಿ'. ಸೂರ್ಯನ ಕುದುರೆ ಅನ್ನುವ ಹೆಸರು ನನಗೆ ಸಿಕ್ಕಿದ್ದು ಮಲೆನಾಡಿನ ಗೆಳೆಯರಿಂದ. ಯು.ಆರ್. ಅನಂತಮೂರ್ತಿಯವರ ಒಂದು ಕತೆಗೂ ಅದೇ ಹೆಸರು. ಮಿಡತೆಗೂ ಇದಕ್ಕೂ ಆ ಗೆಳೆಯರು ಒಂದೇ ಹೆಸರು ಬಳಸುತ್ತಿದ್ದರು, ನಾನೂ ಬಿಟ್ಟಿಲ್ಲ. ಇಷ್ಟು ಚಂದದ ಹೆಸರನ್ನು ಯಾರು ಬಿಡುತ್ತಾರೆ?

ಪಕ್ಕದ ಮನೆಯ ಆಜಿ ಅವತ್ತು ಬಟ್ಟೆ ಒಣಹಾಕಲು ಬಂದವರು ಕರಿಬೇವಿನ ಗಿಡ ನೋಡಿ ನಿಂತರು. "ಅಗ ಬಾಈ, ಖಂಡೋಬಾಚಾ ಕಿಡಾ! ತ್ಯಾಲಾ ಮಾರೂ ನಕಾ ಹಂ" ಅಂದರು. ಖಂಡೋಬನ ಹುಳವಂತೆ, ಕೊಲ್ಲಬಾರದಂತೆ. ನನಗೆ ಮೈ ಜುಮ್ಮೆಂದಿತು. ಖಂಡೋಬಾ ಅಂದರೆ ಯಾರು? ನಮ್ಮ ಮೈಲಾರಲಿಂಗನೇ. ಜೇಜುರಿಯಲ್ಲಿ ಭಂಡಾರ ಎರಚಿ 'ಯೇಳಕೋಟ್ ಯೇಳಕೋಟ್ ಜಯ ಮಲ್ಹಾರ್' ಅನ್ನುತ್ತಾರಲ್ಲ, ಅದರೊಳಗೆ ನಮ್ಮ ಏಳುಕೋಟಿ ಕೂತಿದೆ. ಆ ದೇವರೂ ಕುದುರೆ ಏರಿದವನು. ನಾವು ಸೂರ್ಯನ ಕುದುರೆ ಅಂದೆವು, ಅವರು ಖಂಡೋಬನ ಹುಳ ಅಂದರು. ಎರಡು ಭಾಷೆಯ ಎರಡು ಅಜ್ಜಿಯರು ಸೇರಿ ಒಂದು ಹುಳಕ್ಕೆ ರಕ್ಷೆ ಕಟ್ಟಿದ ಹಾಗಾಯಿತು.

ಇದರ ಪರಾಕ್ರಮವೇನು ಕಡಿಮೆಯೇ? ಕರ್ನಾಟಕದಲ್ಲೇ ಒಂದು ಮನೆಯ ತಾರಸಿ ತೋಟದಲ್ಲಿ ನಡೆದದ್ದು ಕೇಳಿ. ಅಲ್ಲೊಂದು ಪುಟ್ಟ ಕೊಳ, ಅದರಲ್ಲಿ ಗಪ್ಪಿ ಮೀನು. ಹೀರೊಡುಲ ಟೆನ್ಯುಡೆಂಟಾಟ ಅನ್ನುವ ಜಾತಿಯ ಒಂದು ಗಂಡು ಹುಳ ನೈದಿಲೆ ಎಲೆಗಳ ಮೇಲೆ ನಡೆದುಕೊಂಡು ನೀರಿನ ಅಂಚಿಗೆ ಬಂದು ಮೀನು ಹಿಡಿದು ತಿಂದಿತು. ಒಂದು ದಿನ ಅಲ್ಲ, ಐದು ದಿನ ಬಂತು, ಒಂಬತ್ತು ಮೀನು ತಿಂದಿತು. ಬರುತ್ತಿದ್ದದ್ದು ಸಂಜೆ ಹೊತ್ತು ಮುಳುಗುವಾಗ, ಇಲ್ಲವೆ ರಾತ್ರಿ. ಇದನ್ನು ನೋಡಿ ದಾಖಲೆ ಮಾಡಿದವರು ರಾಜೇಶ್ ಪುಟ್ಟಸ್ವಾಮಯ್ಯ ಮತ್ತು ನಾಯಕ್ ಮಂಜುನಾಥ್, ಇಟಲಿಯ ಬಟ್ಟಿಸ್ಟನ್ ಅವರ ಜೊತೆ ಸೇರಿ 2018ರಲ್ಲಿ ಪ್ರಕಟಿಸಿದರು. ಮ್ಯಾಂಟಿಸ್ ಹೀಗೆ ಮತ್ತೆ ಮತ್ತೆ ಬಂದು ಮೀನು ಬೇಟೆಯಾಡುತ್ತದೆಂದು ಅಲ್ಲಿಯವರೆಗೆ ಯಾರೂ ಬರೆದಿರಲಿಲ್ಲ. ಯಾವುದೋ ಅಮೆಜಾನ್ ಕಾಡಿನ ಸಂಗತಿಯಲ್ಲ ಸ್ವಾಮಿ, ನಮ್ಮ ನಿಮ್ಮಂಥವರ ಮನೆಯ ತಾರಸಿ!

ಇನ್ನೂ ಕೇಳಿ. ಎದೆಯ ಮಧ್ಯದಲ್ಲಿ ಒಂದೇ ಒಂದು ಕಿವಿ ಇರುವ ಪ್ರಾಣಿ ಕೇಳಿದ್ದೀರಾ? ಮ್ಯಾಂಟಿಸ್‌ಗಳಲ್ಲಿ ಬಹಳಷ್ಟಕ್ಕೆ ಹಾಗೇ. ಯೇಗರ್ ಮತ್ತು ಹಾಯ್ ಎಂಬ ಇಬ್ಬರು 1986ರಲ್ಲಿ ಇದನ್ನು ಹೇಳುವ ತನಕ ಈ ಹುಳ ಕಿವುಡು ಅಂತಲೇ ನಂಬಿದ್ದರು. ನಮಗೆ ಕೇಳದ ಬಾವಲಿಯ ಕೂಗು ಅದಕ್ಕೆ ಕೇಳುತ್ತದೆ, ಹಾರುತ್ತಿದ್ದದ್ದು ತಟ್ಟನೆ ಕೆಳಕ್ಕೆ ಧುಮುಕಿ ತಪ್ಪಿಸಿಕೊಳ್ಳುತ್ತದೆ. ಕಣ್ಣಿನೊಳಗಿನ ಕರಿಚುಕ್ಕೆ ನೀವು ಎತ್ತ ಹೋದರೂ ನಿಮ್ಮನ್ನೇ ನೋಡಿದ ಹಾಗೆ ಕಾಣುತ್ತದೆ, ಅದು ನಿಜವಾದ ಪಾಪೆಯಲ್ಲ, ನೂರಾರು ಪುಟ್ಟ ಕಣ್ಣುಗಳು ಸೇರಿ ಮಾಡುವ ಮೋಸ. ಇದನ್ನೆಲ್ಲ ನೋಡಲು ಆಫ್ರಿಕಾದಿಂದ ಪಾರ್ಸೆಲ್ ಬೇಕಿಲ್ಲ. ಒಂದು ಕುರ್ಚಿ ಹಾಕಿಕೊಂಡು ಗಿಡದ ಮುಂದೆ ಅರ್ಧ ತಾಸು ಕೂತರೆ ಸಾಕು.

ಆದರೆ ನೋಡಲು ಅದು ಇರಬೇಕಲ್ಲ?

ನಮ್ಮ ಸೊಸೈಟಿಯಲ್ಲಿ ತಿಂಗಳಿಗೊಮ್ಮೆ ಪೆಸ್ಟ್ ಕಂಟ್ರೋಲ್‌ನವರು ಬರುತ್ತಾರೆ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬೇಲಿ, ಹೂವಿನ ಗಿಡ, ಟೆರೇಸಿನ ಕುಂಡ ಎಲ್ಲಕ್ಕೂ ಹೊಡೆಯುತ್ತಾರೆ. ಹೋದ ಅಕ್ಟೋಬರಿನಲ್ಲಿ ನಾನು ಊರಿಗೆ ಹೋಗಿದ್ದೆ, ಮರಳಿ ಬಂದಾಗ ಕರಿಬೇವಿನ ಕುಂಡದ ಬುಡದಲ್ಲಿ ಸೂರ್ಯನ ಕುದುರೆ ಮಗುಚಿಕೊಂಡು ಬಿದ್ದಿತ್ತು. ಸುತ್ತ ಎರಡು ಜೇನುಹುಳ, ಒಂದು ಗುಲಗಂಜಿ ಹುಳ. ಇರುವೆ ಸಾಲು ಹಿಡಿದಿದ್ದವು. ಆ ಕರಿಬೇವನ್ನೇ ನಾವು ಮರುದಿನ ಒಗ್ಗರಣೆಗೆ ಹಾಕುವುದು, ಅದನ್ನೂ ಯಾರೂ ಯೋಚಿಸಿರಲಿಲ್ಲ.

ಸೆಕ್ರೆಟರಿಯವರನ್ನು ಕೇಳಿದೆ. "ಕಾಕಾ, ಡೆಂಗಿ ಆಹೇ ನಾ" ಅಂದರು.

ಡೆಂಗಿಯ ಭಯ ನನಗೂ ಇದೆ. ನನ್ನ ಮಗನೇ ಒಂದು ಮಳೆಗಾಲದಲ್ಲಿ ಡೆಂಗಿ ಹತ್ತಿಸಿಕೊಂಡು ಪ್ಲೇಟ್‌ಲೆಟ್ ಇಳಿದು ಮಲಗಿದ್ದ, ಆ ಎಂಟು ದಿನ ಮನೆಯಲ್ಲಿ ಯಾರ ಗಂಟಲಿನಲ್ಲೂ ಅನ್ನ ಇಳಿಯಲಿಲ್ಲ. ಹಾಗಾಗಿ ಇದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ಡೆಂಗಿಯ ಸೊಳ್ಳೆ ಮೊಟ್ಟೆ ಇಡುವುದು ಬೇಲಿಯ ಎಲೆಯ ಮೇಲಲ್ಲ. ನಿಂತ ತಿಳಿನೀರಿನ ಅಂಚಿನಲ್ಲಿ. ಕೂಲರು, ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡದ ಕೆಳಗಿನ ಬಟ್ಟಲು, ಮುಚ್ಚಳ ಸರಿಯಿಲ್ಲದ ಟಾಕಿ, ಪಾರ್ಕಿಂಗಿನಲ್ಲಿ ಬಿದ್ದ ಹಳೇ ಟಯರು. ವಾರಕ್ಕೊಮ್ಮೆ ಇವನ್ನು ಬೋರಲು ಹಾಕಿ ಒಣಗಿಸಿ ಅಂತ ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಹೇಳುತ್ತಾರೆ. ಅದನ್ನು ಮಾಡಲು ಯಾರಾದರೂ ಮನೆಮನೆಗೆ ಹೋಗಬೇಕು, ಕಾಲು ನೋಯುತ್ತದೆ. ಬೇಲಿಗೆ ಹೊಡೆಸಿದರೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬಹುದು, ಕೆಲಸ ಆದ ಹಾಗೆ ಕಾಣುತ್ತದೆ! ಅವತ್ತೇ ನಾನು ಪಾರ್ಕಿಂಗಿನ ಮೂಲೆಯಲ್ಲಿದ್ದ ಟಯರಿನೊಳಗೆ ಟಾರ್ಚ್ ಬಿಟ್ಟು ತೋರಿಸಿದೆ. ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವು. ಬೇಲಿಯಲ್ಲಿ ಸತ್ತವರು ಬೇರೆ ಹುಳಗಳು, ಟಯರಿನಲ್ಲಿ ಸುಖವಾಗಿದ್ದವರು ಸೊಳ್ಳೆಗಳು.

ಈ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಸೈಪರ್‌ಮೆಥ್ರಿನ್‌ನಂಥ ಔಷಧ. ಅದಕ್ಕೆ ಮಿತ್ರ ಯಾರು, ಶತ್ರು ಯಾರು ಗೊತ್ತಿಲ್ಲ, ಆರು ಕಾಲಿದ್ದವರನ್ನೆಲ್ಲ ಉರುಳಿಸುತ್ತದೆ. ಹೇನು, ಸೊಳ್ಳೆ ತಿಂಗಳೊಳಗೆ ಮತ್ತೆ ಹುಟ್ಟಿ ಬರುತ್ತವೆ. ಮ್ಯಾಂಟಿಸ್ ಬರುವುದಿಲ್ಲ. ಅದಕ್ಕೆ ವರ್ಷಕ್ಕೆ ಒಂದೋ ಎರಡೋ ಪೀಳಿಗೆ. ಹೆಣ್ಣು ಕಡ್ಡಿಗೆ ಅಂಟಿಸುವ ಗೂಡು ನೋಡಿದ್ದೀರಾ? ನೊರೆ ಒಣಗಿ ಗಟ್ಟಿಯಾದ ಹಾಗೆ, ಕಂದು ಬಣ್ಣ, ಥರ್ಮೋಕೋಲಿನ ತುಂಡಿನಂತೆ ಹಗುರ. ಅದರೊಳಗೆ ನೂರಾರು ಮರಿ. ನಮ್ಮ ಮಾಳಿ ಬೇಲಿ ಕತ್ತರಿಸುವಾಗ ಅದೂ ಕಸದ ಗಾಡಿಗೆ. ಹಾಗಾದರೆ ಮುಂದಿನ ವರ್ಷ ಎಲ್ಲಿಂದ ಬರಬೇಕು?

ಹೀಗೆ ನಮ್ಮದನ್ನು ಗುಡಿಸಿ ಹಾಕಿ, ಖಾಲಿಯಾದ ಜಾಗಕ್ಕೆ ಆಫ್ರಿಕಾದ್ದನ್ನು ತರಿಸೋಣ ಅನ್ನುತ್ತೇವೆ. ಮಗನಂತೂ "ಇರಲಿ ಬಿಡಪ್ಪಾ, ಡಬ್ಬಿಯೊಳಗ ಇರತೈತಿ, ಯಾರಿಗೆ ಏನು ತ್ರಾಸು?" ಅಂದ.

ತ್ರಾಸು ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಒಂದು ಮ್ಯಾಂಟಿಸ್, ಮಯೋಮ್ಯಾಂಟಿಸ್ ಕ್ಯಾಫ್ರಾ, 1978ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೊದಲು ಕಂಡಿತು. ನ್ಯೂಜಿಲೆಂಡಿಗೆ ತನ್ನದೇ ಒಂದು ಹಸಿರು ಮ್ಯಾಂಟಿಸ್ ಇದೆ. ಹೊಸ ಹೆಣ್ಣಿನ ವಾಸನೆಗೆ ಅಲ್ಲಿಯ ಗಂಡುಗಳು ಮರುಳಾದವು, ತಮ್ಮ ಜಾತಿಯ ಹೆಣ್ಣನ್ನು ಬಿಟ್ಟು ಅದರ ಹತ್ತಿರ ಹೋದವು. ಅದು ಅವನ್ನು ತಿಂದು ಹಾಕಿತು. ಆಕ್ಲೆಂಡಿನ ಸಂಶೋಧಕರು 2013ರಲ್ಲಿ ಪ್ರಯೋಗ ಮಾಡಿ ತೋರಿಸಿದ ವಿಷಯ ಇದು. ಬಂದವನಿಗೆ ಹೊಟ್ಟೆ ತುಂಬಿತು, ಇದ್ದವನ ವಂಶ ಕುಗ್ಗಿತು. ನಮ್ಮ ಹೀರೊಡುಲ, ಆಫ್ರಿಕಾದ ಸ್ಫೋಡ್ರೊಮ್ಯಾಂಟಿಸ್ ಇಷ್ಟು ಹೋಲುವಾಗ ಇಲ್ಲಿ ಹಾಗಾಗುವುದಿಲ್ಲ ಅಂತ ಬರೆದುಕೊಡುವವರು ಯಾರು? ಡಬ್ಬಿಯ ಮುಚ್ಚಳ ಒಂದು ರಾತ್ರಿ ಸಡಿಲವಾದರೆ ಸಾಕು. ಪರೀಕ್ಷೆ ಹತ್ತಿರ ಬಂದು ಸಾಕಿ ಸಾಕಾದ ಹುಡುಗ 'ಪಾಪ, ಬದುಕಿಕೊಳ್ಳಲಿ' ಅಂತ ವೇತಾಳ ಟೇಕಡಿಗೆ ಹೋಗಿ ಬಿಟ್ಟುಬಂದರೂ ಆಯಿತು. ಮೊಟ್ಟೆಯ ಗೂಡು ಒಂದರಲ್ಲಿ ನೂರಾರು ಮರಿ ಅಂದೆನಲ್ಲ.

ಪುಣೆಯವರಿಗೂ ಕನ್ನಡದವರಿಗೂ ಇದನ್ನು ಹೊಸದಾಗಿ ಹೇಳಬೇಕೇ? ಪಾರ್ಥೇನಿಯಂ ನೆನಪಿಸಿಕೊಳ್ಳಿ. ಕಾಂಗ್ರೆಸ್ ಗಿಡ. ಅಮೆರಿಕದ ಗೋಧಿಯ ಜೊತೆ ಬಂತೆಂಬ ಮಾತಿದೆ. ಹೇಗೇ ಬಂದಿರಲಿ, ಈ ದೇಶದಲ್ಲಿ ಅದು ಹಬ್ಬುವ ಕಳೆಯಾಗಿ ಮೊದಲು ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಇದೇ ಪುಣೆಯಲ್ಲಿ. ಆಗ ಅದೂ ನಾಲ್ಕು ಗಿಡವೇ. ನಾನು ಹುಡುಗನಾಗಿದ್ದಾಗ ಗದಗಿನ ನಮ್ಮ ಹೊಲದ ಬದುವಿಗೆ ಬಂದಿತ್ತು. ಕಿತ್ತು ಕಿತ್ತು ನಮ್ಮಪ್ಪನ ಕೈಯೆಲ್ಲ ತುರಿಕೆ, ಬೇಸಿಗೆಯಲ್ಲಿ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಪುಣೆಯ ನಾಲ್ಕು ಗಿಡಕ್ಕೂ ನಮ್ಮಪ್ಪನ ತುರಿಕೆಗೂ ನಡುವೆ ಇದ್ದದ್ದು ಯಾರದೋ ಒಂದು 'ಏನಾಗತೈತಿ ಬಿಡು'.

ಆ ಕಳೆ ತಿನ್ನಲು ಮೆಕ್ಸಿಕೋದ ಒಂದು ದುಂಬಿ ತಂದರು, ಝೈಗೊಗ್ರಾಮಾ. ತಂದದ್ದು 1983ರಲ್ಲಿ ಬೆಂಗಳೂರಿಗೆ. ಬೇರೆ ಯಾವ ಬೆಳೆಯನ್ನು ತಿನ್ನುತ್ತದೆ, ತಿನ್ನುವುದಿಲ್ಲ ಅಂತ ಮುಚ್ಚಿದ ಕೋಣೆಯಲ್ಲಿ ಪರೀಕ್ಷೆ ಮಾಡಿ 1984ರಲ್ಲಿ ಬಿಟ್ಟರು. ಅದು ಎಷ್ಟೋ ಕಡೆ ಕಾಂಗ್ರೆಸ್ ಗಿಡವನ್ನು ಬೋಳಿಸಿತು, ಸುಳ್ಳಲ್ಲ. ಆದರೆ ಅಷ್ಟು ಪರೀಕ್ಷೆಯ ಮೇಲೂ ಮುಂದೆ ಸೂರ್ಯಕಾಂತಿ ಹೊಲದಲ್ಲಿ ಅದೇ ದುಂಬಿ ಕಂಡು ರೈತರು ಗಾಬರಿಯಾದರು, ದೊಡ್ಡ ಚರ್ಚೆಯೇ ನಡೆಯಿತು. ತಿಳಿದವರು ತಿಳಿದು ತಂದ ಹುಳದ ಕತೆ ಹೀಗಿದ್ದರೆ, ಕೊರಿಯರ್ ಹುಡುಗ ಬೆಲ್ ಬಾರಿಸಿ ಕೊಟ್ಟುಹೋಗುವ ಹುಳಕ್ಕೆ ಪರೀಕ್ಷೆ ಮಾಡುವವರು ಯಾರು? ಅದಕ್ಕೇ ಕಾಯಿದೆ ಇರುವುದು. ಹಾನಿಕಾರಕ ಕೀಟಗಳ ಬಗ್ಗೆ 1914ರಷ್ಟು ಹಿಂದಿನದೇ ಒಂದು ಕಾಯಿದೆ, ಅದರಡಿ 2003ರ ಕೇಂದ್ರ ಸರ್ಕಾರದ ಆದೇಶ. ಜೀವಂತ ಕೀಟವನ್ನು ಹೊರದೇಶದಿಂದ ತರಬೇಕಾದರೆ ಮೊದಲೇ ಪರವಾನಗಿ ಬೇಕು. 'ಗಿಫ್ಟ್ ಐಟಂ' ಅಂತ ಚೀಟಿ ಅಂಟಿಸಿ ಕಳಿಸುವವನು ನಿಮಗೆ ಇದನ್ನು ಹೇಳುವುದಿಲ್ಲ.

ಇಲ್ಲಿಗೆ ಬಂದಾಗ ಒಂದು ಚುಚ್ಚುಮಾತು ಎದುರಾಗುತ್ತದೆ. ಸೊಸೈಟಿಯ ಕಟ್ಟೆಯ ಮೇಲೆ ಇದನ್ನೇ ಹೇಳುತ್ತಿದ್ದಾಗ ಒಬ್ಬರು ನಕ್ಕು ಅಂದರು, "ಕಾಕಾ, ತುಮ್ಹೀಚ್ ಬಾಹೇರಚೇ, ಆಣಿ ಬಾಹೇರಚ್ಯಾ ಕಿಡ್ಯಾಲಾ ವಿರೋಧ್?" ನೀವೇ ಹೊರಗಿನವರು, ಹೊರಗಿನ ಹುಳಕ್ಕೆ ಅಡ್ಡಿ ಮಾಡುತ್ತೀರಾ ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. 1986ರಲ್ಲಿ ಪಿಂಪ್ರಿಯ ಕಾರ್ಖಾನೆಗೆ ಸೇರಲು ಟ್ರಂಕು ಹಿಡಿದು ಬಂದವನು ನಾನು. 'ಹೊರಗಿನವನು' ಅನ್ನುವ ಶಬ್ದ ಎಷ್ಟು ಬೇಗ ಹುಳದಿಂದ ಮನುಷ್ಯನಿಗೆ ಹತ್ತುತ್ತದೆ ಅಂತ ನನಗೆ ಯಾರೂ ಕಲಿಸಬೇಕಿಲ್ಲ. ಹೊರನಾಡಿನಲ್ಲಿರುವ ನಿಮಗೂ ಗೊತ್ತು.

ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಹೊರಗಿನಿಂದ ಬಂದದ್ದು ಅಪರಾಧ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜ ಅಮೆರಿಕದವನು, ಅದಿಲ್ಲದೆ ನಮ್ಮ ಸಾರು ಕೆಂಪಾಗುವುದಿಲ್ಲ. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿಯವರು 1953ರಲ್ಲಿ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಶುರುಮಾಡಿದ ಸಂಗೀತ ಮಹೋತ್ಸವ ಪುಣೆಯದೇ ಗುರುತಾಗಿಬಿಟ್ಟಿದೆ. ಮನುಷ್ಯ ತನ್ನ ಕಾಲಿನ ಮೇಲೆ ಬರುತ್ತಾನೆ, ಭಾಷೆ ಕಲಿಯುತ್ತಾನೆ, ಬೈಸಿಕೊಳ್ಳುತ್ತಾನೆ, ಹೊಂದಿಕೊಳ್ಳುತ್ತಾನೆ, ನಾಲ್ಕು ಜನ ಕೂತು ಮಾತಾಡಿದರೆ ಜಗಳ ಮುಗಿಯುತ್ತದೆ. ಹುಳದ ಜೊತೆ ಮಾತುಕತೆ ಇಲ್ಲ. ಅದು ತಾನಾಗಿ ಬರುವುದೂ ಇಲ್ಲ, ಅದನ್ನು ಡಬ್ಬಿಯಲ್ಲಿ ಹಾಕಿ ನಾವು ತರುತ್ತೇವೆ. ತಪ್ಪು ಹುಳದ್ದಲ್ಲ. ನನ್ನ ಜಗಳ ಡಬ್ಬಿ ಕಳಿಸುವವನ ಜೊತೆ, ಡಬ್ಬಿ ತರಿಸುವವನ ಜೊತೆ. ಮನುಷ್ಯರ ಜಗಳಕ್ಕೆ ಈ ಮಾತನ್ನು ಎಳೆದು ತರುವವರ ಜೊತೆ ನನಗೆ ಇನ್ನೂ ದೊಡ್ಡ ಜಗಳ ಇದೆ.

ಅಂದ ಹಾಗೆ ಈ ಆಟ ಎರಡೂ ಕಡೆ ನಡೆಯುತ್ತಿದೆ. ಆ ಮೀನು ತಿಂದ ಟೆನ್ಯುಡೆಂಟಾಟ ಜಾತಿಯನ್ನೇ 2018ರಲ್ಲಿ ಇಟಲಿಯಲ್ಲಿ ಗುರುತಿಸಿ 'ಹರಡುತ್ತಿರುವ ಏಷ್ಯಾದ ದೈತ್ಯ' ಅಂತ ಎಚ್ಚರಿಕೆ ಬರೆದರು. ಬರೆದವರಲ್ಲಿ ಅದೇ ಬಟ್ಟಿಸ್ಟನ್! ದಕ್ಷಿಣ ಭಾರತದ ಪಿಟೀಲು ಆಕಾರದ ಮ್ಯಾಂಟಿಸ್ ಒಂದಿದೆ, ಒಣ ಎಲೆಯ ಚೂರುಗಳನ್ನು ಜೋಡಿಸಿದ ಹಾಗೆ ಇರುತ್ತದೆ, ಲಿನಿಯಸ್ 1758ರಲ್ಲೇ ಹೆಸರಿಟ್ಟದ್ದು. ಅದನ್ನು ಯುರೋಪು, ಅಮೆರಿಕದಲ್ಲಿ ಗಾಜಿನ ಡಬ್ಬಿಯಲ್ಲಿ ಸಾಕುತ್ತಾರೆ. ನಮ್ಮದು ಅವರಿಗೆ ಫಾರಿನ್, ಅವರಲ್ಲಿ ಸಿಗುವ ಆಫ್ರಿಕಾದ್ದು ನಮಗೆ ಫಾರಿನ್. ಅಲ್ಲಿಯ ಅಜ್ಜನೂ ತನ್ನ ಮೊಮ್ಮಗನ ಜೊತೆ ಹೀಗೇ ಹಣೆ ಚಚ್ಚಿಕೊಳ್ಳುತ್ತಿರಬಹುದು.

ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮ್ಯಾಂಟಿಸ್ 'ರೈತನ ಮಿತ್ರ' ಅಂತ ಕೆಲವರು ಪೋಸ್ಟರು ಮಾಡುತ್ತಾರೆ. ಅಷ್ಟೇನೂ ಸಾಧುವಲ್ಲ. ಅದು ಕಂಬಳಿಹುಳವನ್ನೂ ತಿನ್ನುತ್ತದೆ, ಚಿಟ್ಟೆಯನ್ನೂ ತಿನ್ನುತ್ತದೆ, ಜೇನುಹುಳವನ್ನೂ ಬಿಡುವುದಿಲ್ಲ. ಕೈಮುಗಿದ ಭಂಗಿಯೆಲ್ಲ ನಾಟಕ. ಹಾಗೆಯೇ 'ಹೆಂಡತಿ ಗಂಡನನ್ನು ತಿನ್ನುತ್ತಾಳೆ' ಅನ್ನುವ ಜೋಕೂ ಪೂರ್ತಿ ನಿಜವಲ್ಲ. ಎಷ್ಟೋ ಗಂಡುಗಳು ಬದುಕಿ ಹೋಗುತ್ತವೆ. ಉಪಯೋಗ ಇದೆ ಅಂತ ಉಳಿಸಿ ಅಂದರೆ ನಾಳೆ ಉಪಯೋಗ ಇಲ್ಲ ಅಂತ ಕೊಲ್ಲುತ್ತೀರಿ. ಬೇಲಿಯಲ್ಲಿ ತಿನ್ನುವವನು, ತಿನ್ನಿಸಿಕೊಳ್ಳುವವನು ಇಬ್ಬರೂ ಇದ್ದರೇ ಅದು ಬೇಲಿ. ಇಲ್ಲದಿದ್ದರೆ ಹಸಿರು ಬಣ್ಣ ಬಳಿದ ಗೋಡೆ.

ಹಾಗಾದರೆ ಮಾಡುವುದೇನು? ನಾನು ಮೊಮ್ಮಗನಿಗೆ ಆಗಲ್ಲ ಅಂತ ಬರೇ ಬೈದು ಕಳಿಸಲಿಲ್ಲ. ಮಳೆ ನಿಂತ ಮೇಲೆ ಬೆಳಿಗ್ಗೆ ಟೇಕಡಿಗೆ ಹೋಗೋಣ, ಬರೇ ಕಣ್ಣು, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು ಅಂದೆ. ಕಂಡದ್ದನ್ನು ಬರೆ, ಚಿತ್ರ ತೆಗೆ, ಮುಟ್ಟಬೇಡ. ಎಲ್ಲಿ, ಯಾವ ಗಿಡ, ಯಾವ ತಾರೀಖು. ಆಕುರ್ಡಿಯಲ್ಲಿ ಭಾರತೀ​ಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ವಿಭಾಗದ ಕಚೇರಿಯೇ ಇದೆ, ನಮ್ಮ ಸುತ್ತಲ ಕೀಟಗಳನ್ನು ಓದಿದವರು ಇದೇ ಊರಲ್ಲಿ ಇದ್ದಾರೆ. ಅವನಿಗೆ ಪೂರ್ತಿ ಸಮಾಧಾನ ಆಗಿಲ್ಲ, ಮುಖ ಇನ್ನೂ ದಪ್ಪ ಇದೆ. ಇರಲಿ.

ಸೊಸೈಟಿಗೆ ಮೂರೇ ಬೇಡಿಕೆ ಇಟ್ಟು ಅರ್ಜಿ ಬರೆದಿದ್ದೇನೆ, ಮರಾಠಿಯಲ್ಲಿ, ಪಕ್ಕದ ಮನೆಯ ಆಜಿ ತಿದ್ದಿಕೊಟ್ಟರು. ಒಂದು, ಬೇಲಿಗೂ ಟೆರೇಸಿನ ಗಿಡಗಳಿಗೂ ಔಷಧ ಹೊಡೆಯುವುದು ನಿಲ್ಲಲಿ. ಎರಡು, ಅದೇ ದುಡ್ಡಿನಲ್ಲಿ ವಾರಕ್ಕೊಮ್ಮೆ ಒಬ್ಬರು ಮನೆಮನೆಗೆ ಹೋಗಿ ನಿಂತ ನೀರು ನೋಡಿ ಚೆಲ್ಲಿಸಲಿ, ನಾನೂ ಅವರ ಜೊತೆ ಹೋಗುತ್ತೇನೆ. ಮೂರು, ಬೇಲಿ ಕತ್ತರಿಸುವ ಮುಂಚೆ ಆ ನೊರೆಗೂಡು ಇರುವ ಕಡ್ಡಿಗಳನ್ನು ಮಾಳಿ ಬಿಟ್ಟುಬಿಡಲಿ. ಮೂರನೆಯದಕ್ಕೆ ಸೆಕ್ರೆಟರಿ ನಕ್ಕರು. ಆಗ ಆಜಿಯೇ ಮುಂದೆ ಬಂದು, ಖಂಡೋಬನ ಹುಳ ಅದು, ನಗಬೇಡ ಅಂದರು. ನಗು ನಿಂತಿತು. ಜನರಲ್ ಬಾಡಿ ಮೀಟಿಂಗು ಮುಂದಿನ ತಿಂಗಳು.

ನೀವೂ ಒಮ್ಮೆ ನಿಮ್ಮ ಬೇಲಿ ನೋಡಿ. ಸೋಲಾಪುರದಲ್ಲಿರಿ, ಠಾಣೆಯಲ್ಲಿರಿ, ದಿಲ್ಲಿಯಲ್ಲಿರಿ. ಮಕ್ಕಳು ಫಾರಿನ್ ಹುಳ ಕೇಳಿದರೆ ಮೊದಲು ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ. ನಿಮ್ಮ ಊರ ಕಡೆ ಅಜ್ಜಿಯರು ಈ ಹುಳಕ್ಕೆ ಏನಂತಿದ್ದರು ಅಂತ ನೆನಪಿದ್ದರೆ ಆ ಹೆಸರನ್ನೂ ಮಕ್ಕಳಿಗೆ ಹೇಳಿ. ನನ್ನ ಮೊಮ್ಮಗ ಈಗ ಅದನ್ನು ಸೂರ್ಯನ ಕುದುರೆ ಅನ್ನುತ್ತಾನೆ. ಅವನ ಕನ್ನಡಕ್ಕೆ ಈ ತಿಂಗಳು ಸೇರಿದ ಹೊಸ ಶಬ್ದ ಅದೊಂದೇ.